ಒಳಗೆ ಪೊಟ್ಯಾಸಿಯಂ, ಹೊರಗೆ ಸೋಡಿಯಂ: ಜೀವಕೋಶದ ಪೊರೆ ದಾಟುವ ಅಯಾನುಗಳು

ರಕ್ತ ಪರೀಕ್ಷೆ ಮಾಡುವ ಲ್ಯಾಬಿನವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಆರೋಗ್ಯವಂತರೊಬ್ಬರ ರಕ್ತ ತೆಗೆದು ತಡಮಾಡದೆ ಪರೀಕ್ಷಿಸಿದರೆ ಪೊಟ್ಯಾಸಿಯಂ ಮಟ್ಟ ಲೀಟರಿಗೆ 4 ಮಿಲಿಮೋಲ್ (ಕಣಗಳ ಎಣಿಕೆಯ ಒಂದು ಅಳತೆ) ಆಸುಪಾಸು ಬರುತ್ತದೆ. ಅದೇ ಟ್ಯೂಬನ್ನು, ರಕ್ತಕಣಗಳನ್ನು ಬೇರ್ಪಡಿಸದೆ, ಹಾಗೇ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಪರೀಕ್ಷಿಸಿದರೆ ಪೊಟ್ಯಾಸಿಯಂ ಗಾಬರಿಯಾಗುವಷ್ಟು ಏರಿರುತ್ತದೆ. ಆ ಮಟ್ಟ ನಿಜಕ್ಕೂ ಆ ವ್ಯಕ್ತಿಯ ಮೈಯಲ್ಲಿದ್ದಿದ್ದರೆ ತುರ್ತು ಚಿಕಿತ್ಸೆ ಬೇಕಾಗಬಹುದಿತ್ತು. ಆದರೆ ಟ್ಯೂಬಿಗೆ ಯಾರೂ ಏನನ್ನೂ ಸೇರಿಸಿಲ್ಲ. ಕಣಗಳು ಒಡೆದೂ ಇಲ್ಲ. ಹಾಗಾದರೆ ಅಷ್ಟೊಂದು ಪೊಟ್ಯಾಸಿಯಂ ಎಲ್ಲಿಂದ ಬಂತು?

ಕೆಂಪು ರಕ್ತಕಣಗಳ ಒಳಗಿಂದ. ಆ ಕಣಗಳ ಒಳಗೆ ಪೊಟ್ಯಾಸಿಯಂ ತುಂಬಿಕೊಂಡಿದೆ, ಹೊರಗಿನ ದ್ರವದಲ್ಲಿ ತೀರಾ ಕಡಿಮೆ ಇದೆ. ಈ ವ್ಯತ್ಯಾಸ ತಾನಾಗಿ ಉಳಿಯುವಂಥದ್ದಲ್ಲ. ಕಣದ ಪೊರೆಯಲ್ಲಿರುವ ಪುಟ್ಟ ಪಂಪ್‌ಗಳು ಹಗಲೂ ರಾತ್ರಿ ದುಡಿದು ಅದನ್ನು ಕಾಪಾಡುತ್ತಿರುತ್ತವೆ. ಫ್ರಿಜ್ಜಿನ ಚಳಿಗೆ ಪಂಪ್‌ಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ. ಸೋರಿಕೆ ಮಾತ್ರ ನಿಲ್ಲುವುದಿಲ್ಲ. ರಾತ್ರಿಯಿಡೀ ಪೊಟ್ಯಾಸಿಯಂ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿದು ಬಂದಿರುತ್ತದೆ.

ಜೀವಕೋಶದ ಪೊರೆಯಲ್ಲಿ ನಡೆಯುವ ವ್ಯವಹಾರವೆಲ್ಲ ಈ ಒಂದು ಟ್ಯೂಬಿನಲ್ಲಿ ಕಾಣುತ್ತದೆ. ಜಾಸ್ತಿಯಿಂದ ಕಡಿಮೆ ಕಡೆಗೆ ಹರಿಯುವುದಕ್ಕೆ ಖರ್ಚಿಲ್ಲ. ಅಂತರವನ್ನು ಕಟ್ಟುವುದಕ್ಕೆ, ಕಾಯುವುದಕ್ಕೆ ಖರ್ಚಿದೆ. ಹಾಗೆ ಕಟ್ಟಿಟ್ಟ ಅಂತರದ ಬಲದಿಂದಲೇ ನರ ಸಂದೇಶ ಒಯ್ಯುತ್ತದೆ, ಹೃದಯ ಬಡಿಯುತ್ತದೆ, ಕರುಳು ಸಕ್ಕರೆ ಹೀರುತ್ತದೆ.

ಮೊದಲು ಲೆಕ್ಕ ನೋಡೋಣ. ನಮ್ಮ ಮೈಯ ಬಹುತೇಕ ಕೋಶಗಳ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ ಇದೆ. ಹೊರಗೆ 4ರಿಂದ 5, ಅಷ್ಟೇ. ಸೋಡಿಯಂ ಇದಕ್ಕೆ ಪೂರ್ತಿ ಉಲ್ಟಾ. ಹೊರಗೆ ಸುಮಾರು 145, ಒಳಗೆ 12ರ ಆಸುಪಾಸು. ಕ್ಯಾಲ್ಸಿಯಂ ಅಂತರವಂತೂ ನಂಬಲಾಗದಷ್ಟು ದೊಡ್ಡದು. ಹೊರಗೆ ಇರುವುದರ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಕೋಶರಸದಲ್ಲಿ ಬಿಡಿಯಾಗಿ ಇರುತ್ತದೆ. ಇವೆಲ್ಲ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳು. ಸೋಡಿಯಂ, ಪೊಟ್ಯಾಸಿಯಂ ಒಂದೊಂದು ಧನ ಆವೇಶ ಹೊತ್ತಿವೆ, ಕ್ಯಾಲ್ಸಿಯಂ ಎರಡು. ಕ್ಲೋರೈಡ್ ಹೊತ್ತಿರುವುದು ಒಂದು ಋಣ ಆವೇಶ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ ಹೀಗೆ ಬದಲಾಗುವ ಸಾರತೆಯನ್ನು, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಕಣಗಳಿವೆ ಎಂಬ ಪ್ರಮಾಣವನ್ನು, ಸಾರತೆಯ ಇಳಿಜಾರು ಎಂದು ಕರೆಯೋಣ. ಪಠ್ಯಪುಸ್ತಕಗಳಲ್ಲಿ ಪ್ರವಣತೆ ಎನ್ನುತ್ತಾರೆ.

ಇಳಿಜಾರು ಎಂದ ಕೂಡಲೇ ಒಂದು ತಪ್ಪು ಕಲ್ಪನೆ ಬಂದುಬಿಡುತ್ತದೆ. ಅಯಾನುಗಳನ್ನು ಯಾವುದೋ ಶಕ್ತಿ ಹಿಂದಿನಿಂದ ತಳ್ಳುತ್ತಿದೆ, ಅಥವಾ ‘ಅಲ್ಲಿ ಕಡಿಮೆ ಇದ್ದೇವೆ, ಹೋಗೋಣ’ ಎಂದು ಅವಕ್ಕೇ ಗೊತ್ತಾಗುತ್ತದೆ ಅಂತ ಅನ್ನಿಸುತ್ತದೆ. ಹಾಗೇನೂ ಇಲ್ಲ. ನೀರಿನಲ್ಲಿರುವ ಪ್ರತಿ ಕಣವೂ ಶಾಖದಿಂದಾಗಿ ಸುಮ್ಮನಿರಲಾರದೆ ದಿಕ್ಕುದೆಸೆ ಇಲ್ಲದೆ ಓಡಾಡುತ್ತಿರುತ್ತದೆ. ಈ ಓಡಾಟಕ್ಕೆ ಗುರಿ ಇಲ್ಲ. ಆದರೂ ಲೆಕ್ಕ ಹಾಕಿದರೆ ಒಂದು ದಿಕ್ಕು ಹುಟ್ಟಿಕೊಳ್ಳುತ್ತದೆ.

ಹೇಗೆ ಅಂತ ನೋಡಿ. ಒಂದು ಪೆಟ್ಟಿಗೆಯ ನಡುವೆ ಗೋಡೆ, ಗೋಡೆಯಲ್ಲೊಂದು ರಂಧ್ರ. ಎಡಗಡೆ 100 ಕಣಗಳು, ಬಲಗಡೆ 10. ಒಂದು ಕ್ಷಣದಲ್ಲಿ ಪ್ರತಿ ಹತ್ತು ಕಣಕ್ಕೆ ಒಂದು, ಬರೀ ಆಕಸ್ಮಿಕವಾಗಿ, ರಂಧ್ರ ದಾಟುತ್ತದೆ ಎಂದಿಟ್ಟುಕೊಳ್ಳಿ. ಎಡದಿಂದ ಬಲಕ್ಕೆ 10 ಹೋದವು. ಬಲದಿಂದ ಎಡಕ್ಕೆ 1 ಬಂತು. ಒಟ್ಟು ಲೆಕ್ಕದಲ್ಲಿ 9 ಕಣ ಬಲಕ್ಕೆ ಸಾಗಿದಂತಾಯಿತು. ಯಾರೂ ಯಾರನ್ನೂ ತಳ್ಳಲಿಲ್ಲ, ಅಲ್ವಾ? ಎಡಗಡೆ ಜಾಸ್ತಿ ಮಂದಿ ಇದ್ದರು, ಆದ್ದರಿಂದ ಎಡಗಡೆಯಿಂದ ಜಾಸ್ತಿ ಮಂದಿ ಹೊರಬಿದ್ದರು. ಎರಡೂ ಕಡೆ 55 ಆದ ಮೇಲೂ ಓಡಾಟ ನಿಲ್ಲುವುದಿಲ್ಲ. ಹೋಗುವವರೂ ಬರುವವರೂ ಸಮ ಆಗುತ್ತಾರೆ, ಅಷ್ಟೇ. ಇದಕ್ಕೆ ವಿಸರಣೆ ಎಂದು ಹೆಸರು. ಜರ್ಮನಿಯ ವೈದ್ಯ ವಿಜ್ಞಾನಿ ಅಡಾಲ್ಫ್ ಫಿಕ್ 1855ರಲ್ಲಿ ಇದನ್ನು ನಿಯಮವಾಗಿ ಬರೆದರು. ಇಳಿಜಾರು ಎಷ್ಟು ಕಡಿದೋ ಹರಿವು ಅಷ್ಟು ಜೋರು.

ವಿಸರಣೆ ಸಣ್ಣ ದೂರಕ್ಕೆ ಮಾತ್ರ ಚುರುಕು. ಒಂದು ಕೋಶದ ಅಗಲವನ್ನು ಅಯಾನು ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ ದಾಟುತ್ತದೆ. ಒಂದು ಮೀಟರ್ ದಾಟಬೇಕೆಂದರೆ ವರ್ಷಗಳೇ ಬೇಕು. ಪೊರೆಯ ದಪ್ಪವಾದರೋ ಸುಮಾರು 5 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗ. ದೂರದ ಲೆಕ್ಕದಲ್ಲಿ ಏನೇನೂ ಅಲ್ಲ. ಹಾಗಿದ್ದೂ ಅಯಾನುಗಳು ಕೋಶದ ಪೊರೆಯನ್ನು ಕಣ್ಣುಮುಚ್ಚಿ ತೆರೆಯುವುದರಲ್ಲಿ ದಾಟಿ ಸಮವಾಗಿಬಿಡುವುದಿಲ್ಲ. ಯಾಕೆ?

ಯಾಕೆಂದರೆ ಪೊರೆಯ ಒಡಲು ಎಣ್ಣೆಯಂಥದ್ದು. ಎರಡು ಪದರ ಕೊಬ್ಬಿನ ಅಣುಗಳು ಬಾಲಕ್ಕೆ ಬಾಲ ತಾಗಿಸಿ ನಿಂತಿರುತ್ತವೆ. ಆಮ್ಲಜನಕದಂಥ ಆವೇಶವಿಲ್ಲದ ಸಣ್ಣ ಅಣು ಇದರೊಳಗೆ ಸರಾಗವಾಗಿ ನುಸುಳುತ್ತದೆ. ಅಯಾನಿಗೆ ಅದು ಆಗದು. ನೀರಿನಲ್ಲಿರುವ ಅಯಾನು ಎಂದೂ ಒಂಟಿಯಲ್ಲ. ಅದರ ಆವೇಶಕ್ಕೆ ಅಂಟಿಕೊಂಡು ನೀರಿನ ಅಣುಗಳು ಸುತ್ತ ಕೂತಿರುತ್ತವೆ. ಎಣ್ಣೆಯೊಳಗೆ ಹೋಗಬೇಕಾದರೆ ಆ ನೀರಿನ ಹೊದಿಕೆ ಕಳಚಬೇಕು. ಅದಕ್ಕೆ ಬೇಕಾಗುವ ಶಕ್ತಿ ಬರೀ ಶಾಖದ ಓಡಾಟದಿಂದ ಸಿಗುವುದಿಲ್ಲ. ಹೀಗಾಗಿ ಇಳಿಜಾರು ಎಷ್ಟೇ ಕಡಿದಾಗಿದ್ದರೂ ಬಾಗಿಲಿಲ್ಲದೆ ಹರಿವಿಲ್ಲ.

ಆ ಬಾಗಿಲುಗಳೇ ಅಯಾನು ಚಾನೆಲ್‌ಗಳು. ಪೊರೆಯ ಆಚೆ ಈಚೆ ಹಾಯುವ ಪ್ರೋಟೀನುಗಳು ಇವು, ನಡುವೆ ನೀರು ತುಂಬಿದ ದಾರಿ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಅಚ್ಚರಿ ಅನ್ನಿಸುವುದು ಪೊಟ್ಯಾಸಿಯಂ ಚಾನೆಲ್. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಎರಡರ ಆವೇಶವೂ ಒಂದೇ. ಹಾಗಿರುವಾಗ ದೊಡ್ಡದು ನುಗ್ಗುವ ದಾರಿಯಲ್ಲಿ ಚಿಕ್ಕದೂ ನುಗ್ಗಲೇಬೇಕಲ್ಲವೇ? ನುಗ್ಗುವುದಿಲ್ಲ. ಸಾವಿರಾರು ಪೊಟ್ಯಾಸಿಯಂ ದಾಟುವ ಹೊತ್ತಿಗೆ ಒಂದು ಸೋಡಿಯಂ ತಪ್ಪಿಸಿಕೊಂಡು ದಾಟಿದರೆ ಹೆಚ್ಚು. ಇಷ್ಟು ಕಟ್ಟುನಿಟ್ಟಿನ ಬಾಗಿಲು ನಿಧಾನವಾಗಿರಬೇಕು ಅನ್ನಿಸುತ್ತದೆ. ಅದೂ ಅಲ್ಲ. ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಅಯಾನುಗಳನ್ನು ಬಿಡಬಲ್ಲದು.

ಈ ಒಗಟು ಬಿಡಿಸಿದ್ದು ರೋಡೆರಿಕ್ ಮ್ಯಾಕಿನನ್. 1998ರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್ಲಿನ ರಚನೆಯನ್ನು ಅವರ ತಂಡ ಪರಮಾಣುಗಳ ಮಟ್ಟದಲ್ಲಿ ತೋರಿಸಿಕೊಟ್ಟಿತು. ಚಾನೆಲ್ಲಿನ ತೀರಾ ಕಿರಿದಾದ ಜಾಗದಲ್ಲಿ ಆಮ್ಲಜನಕ ಪರಮಾಣುಗಳು ಸಾಲಾಗಿ ನಿಂತಿವೆ. ನೀರಿನಲ್ಲಿರುವಾಗ ಪೊಟ್ಯಾಸಿಯಂ ಸುತ್ತ ನೀರಿನ ಆಮ್ಲಜನಕಗಳು ಎಷ್ಟು ದೂರದಲ್ಲಿರುತ್ತವೋ, ಇಲ್ಲಿ ಇವೂ ಸರಿಯಾಗಿ ಅಷ್ಟೇ ದೂರದಲ್ಲಿವೆ. ಹಾಗಾಗಿ ಪೊಟ್ಯಾಸಿಯಂ ನೀರಿನ ಹೊದಿಕೆ ಕಳಚಿ ಒಳಗೆ ಬಂದರೂ ಅದಕ್ಕೆ ನಷ್ಟವಿಲ್ಲ. ಬಿಟ್ಟುಬಂದಂಥದ್ದೇ ಆಸರೆ ಇಲ್ಲೂ ಸಿಗುತ್ತದೆ. ಸೋಡಿಯಂ ಚಿಕ್ಕದಾದ್ದರಿಂದ ಆ ಆಮ್ಲಜನಕಗಳು ಅದಕ್ಕೆ ಹೊಂದುವುದಿಲ್ಲ. ನೀರನ್ನು ಬಿಟ್ಟು ಬಂದರೆ ಅದಕ್ಕೆ ನಷ್ಟವೇ. ಅದು ಹೊರಗೇ ಉಳಿಯುತ್ತದೆ. ಮ್ಯಾಕಿನನ್ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಬಾಗಿಲೂ ಇದೆ, ಇಳಿಜಾರೂ ಇದೆ. ಪೊಟ್ಯಾಸಿಯಂ ಚಾನೆಲ್‌ಗಳು ಮಾತ್ರ ತೆರೆದಿರುವ ಒಂದು ಕೋಶವನ್ನು ಊಹಿಸಿಕೊಳ್ಳಿ. ಒಳಗೆ 140, ಹೊರಗೆ 5. ಪೊಟ್ಯಾಸಿಯಂ ಹೊರಗೆ ಹರಿಯಲು ಶುರುವಾಗುತ್ತದೆ. ಒಳಗೂ 72, ಹೊರಗೂ 72 ಆಗುವವರೆಗೆ ಹರಿಯುತ್ತದೆಯೇ? ಇಲ್ಲ. ಪಠ್ಯ ಓದುವ ಮಕ್ಕಳು ಎಡವುವುದು ಬಹುಪಾಲು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಪೊಟ್ಯಾಸಿಯಂ ಹೊರಗೆ ಹೋಗುವಾಗ ತನ್ನ ಧನ ಆವೇಶವನ್ನೂ ಹೊತ್ತೊಯ್ಯುತ್ತದೆ. ಅದರ ಜೋಡಿಯಾಗಿ ಒಳಗಿದ್ದ ಋಣ ಆವೇಶದ ಪ್ರೋಟೀನು, ಫಾಸ್ಫೇಟುಗಳು ಹಿಂದೆ ಹೋಗಲಾರವು, ಅವಕ್ಕೆ ಬಾಗಿಲಿಲ್ಲ. ಹಾಗಾಗಿ ಪೊರೆಯ ಒಳಮೈ ಸ್ವಲ್ಪ ಋಣವಾಗುತ್ತದೆ, ಹೊರಮೈ ಸ್ವಲ್ಪ ಧನವಾಗುತ್ತದೆ. ಋಣ ಆವೇಶ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆಯುತ್ತದೆ. ಪ್ರತಿ ಅಯಾನು ಹೊರಟಾಗಲೂ ಈ ಎಳೆತ ಬಿಗಿಯಾಗುತ್ತಾ ಹೋಗುತ್ತದೆ. ಕೊನೆಗೊಂದು ಹಂತದಲ್ಲಿ ಸಾರತೆ ಎಷ್ಟು ಬಲವಾಗಿ ಹೊರಗೆ ಕಳಿಸುತ್ತದೋ, ವೋಲ್ಟೇಜ್ ಅಷ್ಟೇ ಬಲವಾಗಿ ಒಳಗೆ ಎಳೆಯುತ್ತದೆ. ಹರಿವು ನಿಲ್ಲುತ್ತದೆ. ಆಗಲೂ ಒಳಗಿನ ಪೊಟ್ಯಾಸಿಯಂ 140ರ ಹತ್ತಿರವೇ ಇರುತ್ತದೆ!

ಆ ವೋಲ್ಟೇಜ್ ಎಷ್ಟು ಎಂದು ಲೆಕ್ಕ ಹಾಕುವ ಸೂತ್ರವನ್ನು ವಾಲ್ಟರ್ ನರ್ನ್ಸ್ಟ್ 19ನೇ ಶತಮಾನದ ಕೊನೆಯಲ್ಲಿ ಕೊಟ್ಟರು. ಮೈಯ ಉಷ್ಣತೆಯಲ್ಲಿ ಅದನ್ನು ಒಂದು ಸಾಲಿನಲ್ಲಿ ನೆನಪಿಟ್ಟುಕೊಳ್ಳಬಹುದು. ಒಂದು ಆವೇಶದ ಅಯಾನಿಗೆ ಸಾರತೆಯಲ್ಲಿ ಹತ್ತು ಪಟ್ಟು ಅಂತರವಿದ್ದರೆ, ಅದನ್ನು ತಡೆಹಿಡಿಯಲು ಸುಮಾರು 61 ಮಿಲಿವೋಲ್ಟ್ ಬೇಕು. ನೂರು ಪಟ್ಟಾದರೆ ಅದರ ಎರಡರಷ್ಟು. ಪೊಟ್ಯಾಸಿಯಂಗೆ ನಮ್ಮ ಲೆಕ್ಕದಲ್ಲಿ 28 ಪಟ್ಟು ಅಂತರವಿದೆ. ಸೂತ್ರ ಕೊಡುವ ಉತ್ತರ ಮೈನಸ್ 89 ಮಿಲಿವೋಲ್ಟ್. ಸೋಡಿಯಂಗೆ ಸುಮಾರು 12 ಪಟ್ಟು, ಅದೂ ಉಲ್ಟಾ ದಿಕ್ಕಿನಲ್ಲಿ. ಉತ್ತರ ಪ್ಲಸ್ 66.

ಇಷ್ಟು ವೋಲ್ಟೇಜ್ ಹುಟ್ಟಲು ಎಷ್ಟು ಅಯಾನು ಹೊರಗೆ ಹೋಗಬೇಕು? ಲೆಕ್ಕ ಹಾಕಿಯೇ ನೋಡೋಣ. 20 ಮೈಕ್ರೋಮೀಟರ್ ಅಗಲದ ಒಂದು ದುಂಡು ಕೋಶ ತೆಗೆದುಕೊಳ್ಳಿ. ಪೊರೆಯ ಪ್ರತಿ ಚದರ ಸೆಂಟಿಮೀಟರ್ ಸುಮಾರು 1 ಮೈಕ್ರೋಫ್ಯಾರಡ್‌ನಷ್ಟು ಆವೇಶ ಹಿಡಿದಿಡುವ ಗುಣ ಹೊಂದಿದೆ. ಅದರ ಪ್ರಕಾರ, ನಿಜವಾದ ನರಕೋಶದಲ್ಲಿ ಇರುವಷ್ಟು, ಅಂದರೆ 70 ಮಿಲಿವೋಲ್ಟ್ ಹುಟ್ಟಿಸಲು ಸುಮಾರು 55 ಲಕ್ಷ ಅಯಾನುಗಳು ಸಾಕು. ಕೇಳಲು ದೊಡ್ಡ ಸಂಖ್ಯೆ. ಆದರೆ ಆ ಕೋಶದೊಳಗೆ ಇರುವ ಒಟ್ಟು ಪೊಟ್ಯಾಸಿಯಂ ಅಯಾನುಗಳು ಸುಮಾರು 35 ಸಾವಿರ ಕೋಟಿ! ಅಂದರೆ ಅರವತ್ತು ಸಾವಿರಕ್ಕೂ ಜಾಸ್ತಿ ಅಯಾನುಗಳಲ್ಲಿ ಒಂದೇ ಒಂದು ಹೊರಗೆ ಹೋಗಿದೆ. ಸಾರತೆ ಅಳೆಯುವ ಯಾವ ಸಾಮಾನ್ಯ ವಿಧಾನಕ್ಕೂ ಈ ವ್ಯತ್ಯಾಸ ಸಿಗುವುದಿಲ್ಲ.

ಈ ಒಂದು ಲೆಕ್ಕ ಮನಸ್ಸಿನಲ್ಲಿ ಕೂತರೆ ಎಷ್ಟೋ ಗೊಂದಲ ತಾನಾಗಿ ಬಿಡುತ್ತದೆ. 70 ಮಿಲಿವೋಲ್ಟ್ ಎಂದರೆ ಸಣ್ಣದು ಅನ್ನಿಸಬಹುದು. ಆದರೆ ಅದು ಇರುವುದು ಬರೀ 5 ನ್ಯಾನೋಮೀಟರ್ ದಪ್ಪದ ಪೊರೆಯ ಆಚೀಚೆ. ಮೀಟರಿನ ಲೆಕ್ಕಕ್ಕೆ ತಂದರೆ 1 ಕೋಟಿ 40 ಲಕ್ಷ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಇಷ್ಟು ಬಿಗಿಯಾದ ವಿದ್ಯುತ್ ಕ್ಷೇತ್ರದ ನಡುವೆ ಕೂತಿರುವ ಚಾನೆಲ್ ಪ್ರೋಟೀನು, ವೋಲ್ಟೇಜ್ ಸ್ವಲ್ಪ ಬದಲಾದರೂ ಆಕಾರ ಬದಲಿಸಿ ತೆರೆದುಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ನಿಜವಾದ ನರಕೋಶ ಸುಮ್ನೆ ಇರುವಾಗ ಅದರ ವೋಲ್ಟೇಜ್ ಮೈನಸ್ 70ರ ಹತ್ತಿರ ಇರುತ್ತದೆ, ಮೈನಸ್ 89 ಅಲ್ಲ. ಪೊಟ್ಯಾಸಿಯಂ ಬಾಗಿಲುಗಳು ಬಹಳಷ್ಟು ತೆರೆದಿದ್ದರೂ ಅಷ್ಟಿಷ್ಟು ಸೋಡಿಯಂ ಕೂಡ ಒಳಗೆ ಸೋರುತ್ತಿರುತ್ತದೆ. ಪೊಟ್ಯಾಸಿಯಂ ಕೋಶವನ್ನು ಮೈನಸ್ 89ಕ್ಕೆ ಎಳೆಯುತ್ತದೆ, ಸೋಡಿಯಂ ಪ್ಲಸ್ 66ಕ್ಕೆ. ಬಾಗಿಲು ಯಾರಿಗೆ ಜಾಸ್ತಿ ತೆರೆದಿದೆಯೋ ಅವರ ಕಡೆಗೆ ವೋಲ್ಟೇಜ್ ವಾಲುತ್ತದೆ.

ಈ ಸ್ಥಿತಿಯಲ್ಲಿ ಸೋಡಿಯಂ ಕಡೆ ನೋಡಿ. ಹೊರಗೆ ಜಾಸ್ತಿ, ಒಳಗೆ ಕಡಿಮೆ, ಹಾಗಾಗಿ ಸಾರತೆ ಒಳಗೆ ಕಳಿಸುತ್ತದೆ. ಒಳಗೆ ಋಣ ಆವೇಶ, ಹಾಗಾಗಿ ವೋಲ್ಟೇಜೂ ಒಳಗೇ ಎಳೆಯುತ್ತದೆ. ಎರಡೂ ಒಂದೇ ದಿಕ್ಕು. ಕಟ್ಟೆಯ ಹಿಂದೆ ನಿಂತ ನೀರಿನ ಹಾಗೆ ಸೋಡಿಯಂ ಕಾಯುತ್ತಿದೆ. ತೂಬು ಎತ್ತುವುದೊಂದೇ ಬಾಕಿ.

ನರಕೋಶ ಮಾಡುವುದು ಅದನ್ನೇ. ಇದು ತಿಳಿದ ಬಗೆ ಸೊಗಸಾಗಿದೆ. ನರದ ಸಂದೇಶ ಹೋಗುವಾಗ ಪೊರೆ ಒಂದು ಕ್ಷಣ ಎಲ್ಲ ಅಯಾನುಗಳಿಗೂ ತೆರೆದುಕೊಳ್ಳುತ್ತದೆ, ಆಗ ವೋಲ್ಟೇಜ್ ಸೊನ್ನೆಯಾಗುತ್ತದೆ ಎಂದು ಯೂಲಿಯಸ್ ಬರ್ನ್‌ಸ್ಟೈನ್ 1902ರಲ್ಲಿ ಹೇಳಿದ್ದರು. ಸಾಮಾನ್ಯ ನರತಂತು ಕೂದಲಿಗಿಂತ ಎಷ್ಟೋ ತೆಳು, ಅದರೊಳಗೆ ತಂತಿ ಇಳಿಸಿ ಅಳೆಯುವುದು ಆಗ ಸಾಧ್ಯವಿರಲಿಲ್ಲ. ಆದರೆ ಸ್ಕ್ವಿಡ್ ಎಂಬ ಸಮುದ್ರ ಜೀವಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪದ ನರತಂತು ಇದೆ. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅದರೊಳಗೆ ತೆಳುವಾದ ಗಾಜಿನ ಎಲೆಕ್ಟ್ರೋಡ್ ತೂರಿಸಿ ಅಳೆದರು. ವೋಲ್ಟೇಜ್ ಸೊನ್ನೆಗೆ ಬಂದು ನಿಲ್ಲಲಿಲ್ಲ. ಸೊನ್ನೆ ದಾಟಿ ಪ್ಲಸ್ ಕಡೆಗೆ ಹೋಯಿತು.

ಬರೀ ಸೋರಿಕೆಯಾಗಿದ್ದರೆ ಸೊನ್ನೆ ದಾಟಲು ಸಾಧ್ಯವಿರಲಿಲ್ಲ. ಪ್ಲಸ್ ಕಡೆ ಎಳೆಯಬಲ್ಲ ಅಯಾನು ಯಾವುದು? ಪ್ಲಸ್ 66 ಎಂದು ನಾವು ಆಗಲೇ ಲೆಕ್ಕ ಹಾಕಿದ ಸೋಡಿಯಂ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಹಾಡ್ಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಜ್ ಇದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಹೊರಗಿನ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿದಂತೆಲ್ಲ ಆ ಏರಿಕೆ ಕುಗ್ಗುತ್ತಾ ಬಂತು. ಇಳಿಜಾರನ್ನು ತಗ್ಗಿಸಿದರೆ ಸಂದೇಶವೂ ತಗ್ಗುತ್ತದೆ. 1952ರಲ್ಲಿ ಹಾಡ್ಜ್‌ಕಿನ್, ಹಕ್ಸ್‌ಲಿ ಇದಕ್ಕೆ ಪೂರ್ತಿ ಗಣಿತ ಬರೆದರು. 1963ರಲ್ಲಿ ನೊಬೆಲ್ ಬಂತು.

ಸೋಡಿಯಂ ಬಾಗಿಲು ತೆರೆದಾಗ ವೋಲ್ಟೇಜ್ ಏರುತ್ತದೆ. ಏರಿದ ವೋಲ್ಟೇಜ್ ಪಕ್ಕದ ಸೋಡಿಯಂ ಬಾಗಿಲುಗಳನ್ನೂ ತೆರೆಸುತ್ತದೆ. ಸಂದೇಶ ಮುಂದೆ ಓಡುವುದು ಹೀಗೆ. ಮಿಲಿಸೆಕೆಂಡಿನೊಳಗೆ ಸೋಡಿಯಂ ಬಾಗಿಲು ತಾನೇ ಮುಚ್ಚಿ ಬೀಗ ಹಾಕಿಕೊಳ್ಳುತ್ತದೆ. ಇನ್ನಷ್ಟು ಪೊಟ್ಯಾಸಿಯಂ ಬಾಗಿಲುಗಳು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು, ವೋಲ್ಟೇಜ್ ಮತ್ತೆ ಕೆಳಗಿಳಿಯುತ್ತದೆ. ಇಲ್ಲಿ ಗಮನಿಸಿ, ವೋಲ್ಟೇಜನ್ನು ಇಳಿಸಿದ್ದು ಪಂಪ್ ಅಲ್ಲ. ಪ್ರತಿ ಸಂದೇಶದ ನಂತರ ಪಂಪ್ ಬಂದು ಎಲ್ಲವನ್ನೂ ಸರಿಮಾಡಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಪ್ರತಿ ಸಲ ದಾಟುವ ಅಯಾನುಗಳು ಅಷ್ಟು ಕಡಿಮೆ ಇರುವುದರಿಂದ, ಪಂಪನ್ನು ಪೂರ್ತಿ ನಿಲ್ಲಿಸಿದರೂ ಸ್ಕ್ವಿಡ್ಡಿನ ದಪ್ಪ ನರತಂತು ಸಾವಿರಾರು ಸಂದೇಶ ಕಳಿಸಬಲ್ಲದು. ತುಂಬಿದ ತೊಟ್ಟಿಯಿಂದ ಚಮಚದಲ್ಲಿ ತೆಗೆದ ಹಾಗೆ.

ಆದರೆ ತೆಗೆಯುತ್ತಲೇ ಇದ್ದರೆ ತೊಟ್ಟಿಯೂ ಒಂದು ದಿನ ಬರಿದಾಗುತ್ತದೆ. ಅದನ್ನು ತುಂಬಿಸುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ಏಡಿಯ ನರಗಳಲ್ಲಿ ಗುರುತಿಸಿದರು. ನೊಬೆಲ್ ಬರಲು ಮಾತ್ರ 1997ರವರೆಗೆ ಕಾಯಬೇಕಾಯಿತು. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಈ ಪಂಪ್ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಎರಡೂ ಇಳಿಜಾರಿಗೆ ಎದುರಾಗಿ. ಚಾನೆಲ್‌ಗೆ ಹೋಲಿಸಿದರೆ ಇದು ತುಂಬಾ ನಿಧಾನ, ಸೆಕೆಂಡಿಗೆ ಕೆಲವು ನೂರು ಅಯಾನು ದಾಟಿಸಿದರೆ ಹೆಚ್ಚು. ಹಾಗಾಗಿ ಕೋಶಕ್ಕೆ ಇಂಥ ಪಂಪ್‌ಗಳು ಬಹಳ ಬೇಕು, ಅವು ಎಡೆಬಿಡದೆ ದುಡಿಯಬೇಕು. ನಮ್ಮ ಮಿದುಳು ಮೈತೂಕದ ಶೇಕಡಾ 2ರಷ್ಟೇ ಇದ್ದರೂ, ಸುಮ್ನೆ ಕೂತಿರುವಾಗಲೂ ಮೈ ಬಳಸುವ ಆಮ್ಲಜನಕದ ಶೇಕಡಾ 20ರಷ್ಟನ್ನು ತಾನೇ ಬಳಸುತ್ತದೆ. ಅದರ ದೊಡ್ಡ ಪಾಲು ಹೋಗುವುದು ಈ ಪಂಪ್‌ಗಳಿಗೆ.

ಪಂಪ್ ಕಟ್ಟಿಟ್ಟ ಸೋಡಿಯಂ ಇಳಿಜಾರನ್ನು ಬರೀ ನರಗಳು ಬಳಸುವುದಿಲ್ಲ. ಸಣ್ಣ ಕರುಳಿನ ಕೋಶಗಳಲ್ಲಿ ಒಂದು ಪ್ರೋಟೀನು ಇದೆ. ಅದು ಸೋಡಿಯಂ ಒಳಗೆ ಬರುವಾಗ ಜೊತೆಗೆ ಗ್ಲೂಕೋಸನ್ನೂ ಎಳೆದುಕೊಂಡೇ ಬರುತ್ತದೆ. ಗ್ಲೂಕೋಸ್ ಒಳಗೇ ಜಾಸ್ತಿ ಇದ್ದರೂ ಸರಿ, ಸೋಡಿಯಂ ಇಳಿಯುವ ಬಲಕ್ಕೆ ಅದು ಏರಿ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯ ವಿಚಾರ ಮುಂದಿಟ್ಟರು. ಭೇದಿಯಾದಾಗ ಕುಡಿಸುವ ಓಆರ್‌ಎಸ್ ಕೆಲಸ ಮಾಡುವುದು ಇದರಿಂದಲೇ. ಬರೀ ನೀರು ಅಥವಾ ಬರೀ ಉಪ್ಪುನೀರು ಕೊಟ್ಟರೆ ಸಾಲದು. ಗ್ಲೂಕೋಸ್ ಇದ್ದರೆ ಸೋಡಿಯಂ ಒಳಗೆ ಹೋಗುತ್ತದೆ, ಎರಡರ ಹಿಂದೆ ನೀರೂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸೂ 75 ಮಿಲಿಮೋಲ್. ಎರಡೂ ಸಮ ಇರುವುದು ಸುಮ್ನೆ ಅಲ್ಲ.

ಇಳಿಜಾರು ಸ್ವಲ್ಪ ತಗ್ಗಿದರೂ ಏನಾಗುತ್ತದೆ ಎಂಬುದಕ್ಕೆ ಪೊಟ್ಯಾಸಿಯಂಗೇ ವಾಪಸ್ ಬರೋಣ. ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. 5 ಇದ್ದದ್ದು 10 ಆಯಿತು ಎಂದುಕೊಳ್ಳಿ. ಒಳಗಿನ 140ರ ಮುಂದೆ ಈ 5 ಏನು ಮಹಾ ಅನ್ನಿಸುತ್ತದೆ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಪಟ್ಟು ಎಂಬುದು. 28 ಪಟ್ಟು ಇದ್ದದ್ದು 14 ಪಟ್ಟಾಯಿತು. ಮೈನಸ್ 89 ಇದ್ದ ಪೊಟ್ಯಾಸಿಯಂ ವೋಲ್ಟೇಜ್ ಮೈನಸ್ 70ಕ್ಕೆ ಬಂತು. ಹೃದಯದ ಕೋಶಗಳು ವಿಶ್ರಾಂತಿಯಲ್ಲಿ ಬಹುಪಾಲು ಪೊಟ್ಯಾಸಿಯಂ ಹೇಳಿದಂತೆ ಕೇಳುತ್ತವೆ. ಅವುಗಳ ವೋಲ್ಟೇಜೂ ಏರುತ್ತದೆ. ಸೋಡಿಯಂ ಬಾಗಿಲಿನ ಬೀಗ ತೆರೆಯಬೇಕಾದರೆ ವೋಲ್ಟೇಜ್ ಸಾಕಷ್ಟು ಕೆಳಗೆ ಇಳಿದಿರಬೇಕು. ಇಳಿಯದಿದ್ದರೆ ಎಷ್ಟೋ ಬಾಗಿಲು ಬೀಗ ಹಾಕಿಕೊಂಡೇ ಉಳಿಯುತ್ತವೆ. ಬಡಿತದ ಸಂದೇಶ ನಿಧಾನವಾಗುತ್ತದೆ, ದಾರಿ ತಪ್ಪುತ್ತದೆ, ಹೃದಯ ನಿಂತೂ ಹೋಗಬಹುದು. ಪೊಟ್ಯಾಸಿಯಂ ದ್ರಾವಣವನ್ನು ರಕ್ತನಾಳಕ್ಕೆ ನೇರವಾಗಿ, ಬೇಗ ಕೊಡಲೇಬಾರದು ಎಂದು ಆಸ್ಪತ್ರೆಗಳಲ್ಲಿ ಅಷ್ಟು ಕಟ್ಟುನಿಟ್ಟಾಗಿ ಹೇಳುವುದು ಇದಕ್ಕೇ.

ರಕ್ತನಿಧಿಯಲ್ಲಿ ತಣ್ಣಗಿಟ್ಟ ರಕ್ತದ ಚೀಲಗಳಲ್ಲೂ ಫ್ರಿಜ್ಜಿನ ಆ ಟ್ಯೂಬಿನಲ್ಲಿ ಆದದ್ದೇ ಆಗುತ್ತದೆ. ದಿನ ಕಳೆದಂತೆ ಕಣಗಳ ಪೊಟ್ಯಾಸಿಯಂ ಹೊರಗಿನ ದ್ರವಕ್ಕೆ ಸೋರುತ್ತಾ ಹೋಗುತ್ತದೆ. ಹಸುಗೂಸುಗಳಿಗೆ ಹೆಚ್ಚು ರಕ್ತ ಕೊಡಬೇಕಾದಾಗ ವೈದ್ಯರು ಹೊಸ ರಕ್ತ ಹುಡುಕುವುದಕ್ಕೆ ಇದೂ ಒಂದು ಕಾರಣ. ಆದರೆ ಅಂತರ ಕರಗಿತು ಎಂದ ಮಾತ್ರಕ್ಕೆ ಆ ಕಣಗಳ ಕಥೆ ಮುಗಿದಿರುವುದಿಲ್ಲ. ರಕ್ತ ಪಡೆದವರ ಮೈಯ ಬಿಸುಪು ತಗುಲಿ, ಗ್ಲೂಕೋಸ್ ಸಿಕ್ಕು, ಕಣಗಳು ಮತ್ತೆ ಎಟಿಪಿ ತಯಾರಿಸುತ್ತವೆ. ಪಂಪ್‌ಗಳು ಚಾಲೂ ಆಗುತ್ತವೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಮತ್ತೆ ಮೂರು ಹೊರಗೆ, ಎರಡು ಒಳಗೆ.